ಪ್ರೊಸೆಸರ್‌ನ ವೇಗದೊಳಗೆ ಅಡಗಿರುವ ಸೋರಿಕೆ

ಹೊಸ ಪ್ರೊಸೆಸರ್ ಬಿಡುಗಡೆಯಾದ ದಿನ ಪ್ರಕಟವಾಗುವ ವಿಮರ್ಶೆಗಳಲ್ಲಿ ಅಂಕಿಗಳಿಗೆ ಬರವಿರುವುದಿಲ್ಲ. ಕೋರ್‌ಗಳೆಂಬ ಲೆಕ್ಕ ಮಾಡುವ ಘಟಕಗಳೆಷ್ಟು, ಗಡಿಯಾರದ ವೇಗ ಎಷ್ಟು ಗಿಗಾಹರ್ಟ್ಜ್, ಹಿಂದಿನ ಪೀಳಿಗೆಗಿಂತ ಶೇಕಡಾ ಎಷ್ಟು ಚುರುಕು, ಪ್ರತಿಸ್ಪರ್ಧಿಯ ಚಿಪ್‌ಗಿಂತ ಎಷ್ಟು ಮುಂದೆ ಎಂಬುದನ್ನೆಲ್ಲ ಅಳೆದು ತೂಗಿ ಬರೆದಿರುತ್ತಾರೆ. ಆ ದಿನದ ಮಟ್ಟಿಗೆ ಆ ಅಂಕಿಗಳು ನಿಜವೇ. ಆದರೆ ಕೆಲವು ವರ್ಷಗಳ ನಂತರ ಅದೇ ಚಿಪ್‌ನಲ್ಲಿ ಒಂದು ಭದ್ರತಾ ಲೋಪ ಬಯಲಾಗಿ, ಅದನ್ನು ಮುಚ್ಚಲು ಬಂದ ತಿದ್ದುಪಡಿಯು ವೇಗದಲ್ಲಿ ಒಂದು ಪಾಲನ್ನು ಕಳೆದುಹಾಕಿದಾಗ, ಹಳೆಯ ವಿಮರ್ಶೆಯ ಅಂಕಿಗಳನ್ನು ತಿದ್ದಲು ಯಾರೂ ಹೋಗುವುದಿಲ್ಲ. ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಪೈಪೋಟಿಯನ್ನೂ ಅವುಗಳ ಭದ್ರತೆಯನ್ನೂ ಸಾಮಾನ್ಯವಾಗಿ ಎರಡು ಬೇರೆ ವಿಷಯಗಳಂತೆ ಚರ್ಚಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅವೆರಡೂ ಒಂದೇ ಕಥೆ, ಏಕೆಂದರೆ ಪೈಪೋಟಿಯಲ್ಲಿ ಗೆಲ್ಲಲು ಬಳಸಿದ ಉಪಾಯಗಳೇ ಬಹಳಷ್ಟು ಸಲ ಭದ್ರತೆಯ ಲೋಪಗಳಾಗಿ ಹೊರಬಂದಿವೆ.

ಮೊದಲು ಪೈಪೋಟಿಯ ಹಿನ್ನೆಲೆಯನ್ನು ನೋಡೋಣ. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್‌ಗೆ ಇಂಟೆಲ್‌ನ 8088 ಚಿಪ್ಪನ್ನು ಆರಿಸಿಕೊಂಡಿತಾದರೂ, ಇಷ್ಟು ಮುಖ್ಯವಾದ ಬಿಡಿಭಾಗಕ್ಕೆ ಒಂದೇ ಕಂಪನಿಯನ್ನು ನೆಚ್ಚಿಕೊಳ್ಳಲು ಅದಕ್ಕೆ ಮನಸ್ಸಿರಲಿಲ್ಲ. ಎರಡನೆಯ ತಯಾರಕರೂ ಬೇಕೆಂಬ ಅದರ ಒತ್ತಾಯದ ಫಲವಾಗಿ 1982ರಲ್ಲಿ ಇಂಟೆಲ್ ಮತ್ತೊಂದು ಚಿಪ್ ಕಂಪನಿಯಾದ ಎಎಂಡಿಯೊಡನೆ ಒಪ್ಪಂದ ಮಾಡಿಕೊಂಡಿತು. ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳ ಗುಂಪನ್ನು ಆದೇಶ-ಭಾಷೆ ಎನ್ನೋಣ; 8088ರ ಆದೇಶ-ಭಾಷೆಯಾದ ಎಕ್ಸ್86 ಅನ್ನು ಬಳಸುವ ಚಿಪ್‌ಗಳನ್ನು ಇಂದಿಗೂ ಪರ್ಸನಲ್ ಕಂಪ್ಯೂಟರ್‌ಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ಮಾರುವವರು ಈ ಎರಡು ಕಂಪನಿಗಳು ಮಾತ್ರ. ಪೇಟೆಂಟ್‌ಗಳ ಮತ್ತು ಪರವಾನಗಿಗಳ ಬೇಲಿಯನ್ನು ದಾಟಿ ಮೂರನೆಯವರು ಒಳಬರುವುದು ಬಹಳ ಕಷ್ಟ.

ಇಬ್ಬರೇ ಇರುವ ಕಣದಲ್ಲಿ ಒಬ್ಬರು ಸೋತು ಕುಳಿತರೆ ಏನಾಗುತ್ತದೆ ಎಂಬುದಕ್ಕೆ 2007ರಿಂದ 2017ರವರೆಗಿನ ಹತ್ತು ವರ್ಷಗಳು ಸಾಕ್ಷಿ. ಎಎಂಡಿ ಹಿಂದೆ ಬಿದ್ದಿದ್ದ ಆ ಅವಧಿಯಲ್ಲಿ ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗಳು ನಾಲ್ಕು ಕೋರ್‌ಗಳಿಂದ ಮೇಲೇರಲೇ ಇಲ್ಲ. 2017ರ ಮಾರ್ಚ್‌ನಲ್ಲಿ ಎಎಂಡಿ ತನ್ನ ಝೆನ್ ವಿನ್ಯಾಸದ ಮೊದಲ ರೈಝೆನ್ ಚಿಪ್‌ಗಳನ್ನು ಎಂಟು ಕೋರ್‌ಗಳೊಂದಿಗೆ, ಇಂಟೆಲ್‌ನ ಎಂಟು ಕೋರ್ ಚಿಪ್‌ನ ಅರ್ಧದಷ್ಟು ಬೆಲೆಗೆ ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗೂ ಆರು ಕೋರ್‌ಗಳು ಬಂದವು. ಹತ್ತು ವರ್ಷ ಆಗದೇ ಇದ್ದದ್ದು ಏಳು ತಿಂಗಳಲ್ಲಿ ಆಯಿತೆಂದರೆ ಅಡ್ಡಿಯಾಗಿದ್ದದ್ದು ತಂತ್ರಜ್ಞಾನವಷ್ಟೇ ಅಲ್ಲ ಎಂದು ಊಹಿಸಬಹುದು.

ನ್ಯಾಯಾಲಯಗಳೂ ಈ ಪೈಪೋಟಿಯ ಕಣವಾಗಿವೆ. ಕಂಪ್ಯೂಟರ್ ತಯಾರಕರಿಗೆ ಷರತ್ತಿನ ರಿಯಾಯಿತಿಗಳನ್ನು ಕೊಟ್ಟು ಎಎಂಡಿಯನ್ನು ದೂರವಿಟ್ಟಿತೆಂಬ ಕಾರಣಕ್ಕೆ ಯುರೋಪಿಯನ್ ಕಮಿಷನ್ 2009ರಲ್ಲಿ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ವಿಧಿಸಿತು. ಅದೇ ವರ್ಷ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ಪರಸ್ಪರ ವ್ಯಾಜ್ಯಗಳನ್ನು ಮುಗಿಸಿಕೊಂಡಿತು. ಯುರೋಪಿನ ದಂಡ ಮಾತ್ರ 2022ರಲ್ಲಿ ರದ್ದಾಯಿತು. ಎಎಂಡಿ ಚಿಪ್ ಇರುವ ಮಾದರಿಗಳನ್ನು ತಡಮಾಡಲು ಅಥವಾ ಕೈಬಿಡಲು ತಯಾರಕರಿಗೆ ಹಣ ಕೊಟ್ಟ ಆರೋಪದ ಭಾಗಕ್ಕೆ 2023ರಲ್ಲಿ ಕಮಿಷನ್ ಹೊಸದಾಗಿ 37.6 ಕೋಟಿ ಯೂರೋ ದಂಡ ಹಾಕಿತು. ರಿಯಾಯಿತಿಗಳ ಕುರಿತ ಭಾಗದಲ್ಲಿ ಇಂಟೆಲ್ ಪರವಾದ ತೀರ್ಪನ್ನು ಯುರೋಪಿನ ಅತ್ಯುನ್ನತ ನ್ಯಾಯಾಲಯ 2024ರಲ್ಲಿ ಎತ್ತಿಹಿಡಿಯಿತು. ಚಿಪ್‌ಗಳ ಒಂದು ಪೀಳಿಗೆ ಬದಲಾಗಲು ಎರಡು ವರ್ಷ ಸಾಕು. ಪ್ರಕರಣ ಮಾತ್ರ ಹದಿನೈದು ವರ್ಷಕ್ಕೂ ಹೆಚ್ಚು ನಡೆಯಿತು.

ಇನ್ನು ವೇಗದ ಒಳಗುಟ್ಟಿಗೆ ಬರೋಣ. ಪ್ರೊಸೆಸರ್ ತನ್ನೊಳಗಿನ ಹತ್ತಿರದ ಕ್ಯಾಶ್ ಎಂಬ ಪುಟ್ಟ, ವೇಗದ ಮೆಮೊರಿಯಿಂದ ಒಂದು ಮಾಹಿತಿಯನ್ನು ತೆಗೆದುಕೊಳ್ಳಲು ಗಡಿಯಾರದ ನಾಲ್ಕೈದು ಮಿಡಿತಗಳು ಸಾಕು. ಅದೇ ಮಾಹಿತಿ ಹೊರಗಿನ ಮುಖ್ಯ ಮೆಮೊರಿಯಲ್ಲಿದ್ದರೆ ಕೆಲವು ನೂರು ಮಿಡಿತಗಳೇ ಬೇಕಾಗುತ್ತವೆ. ಅಷ್ಟು ಹೊತ್ತು ಕೈಕಟ್ಟಿ ಕೂರುವ ಬದಲು, ಮುಂದೆ ಯಾವ ಕೆಲಸ ಬರಬಹುದೆಂದು ಊಹಿಸಿ ಅದನ್ನು ಮೊದಲೇ ಮಾಡಿಡುವ ಪದ್ಧತಿಯನ್ನು ವಿನ್ಯಾಸಕಾರರು ರೂಢಿಸಿದರು. ಸ್ಪೆಕ್ಯುಲೇಟಿವ್ ಎಕ್ಸಿಕ್ಯೂಷನ್ ಎಂದು ಕರೆಯುವ ಈ ಪದ್ಧತಿ ಇಂಟೆಲ್‌ನ ಚಿಪ್‌ಗಳಲ್ಲಿ 1995ರ ಪೆಂಟಿಯಂ ಪ್ರೊ ಮೂಲಕ ನೆಲೆಗೊಂಡಿತು. ಊಹೆ ಸರಿಯಾದರೆ ಸಮಯ ಉಳಿಯುತ್ತದೆ. ತಪ್ಪಾದರೆ ಮಾಡಿದ ಕೆಲಸವನ್ನು ಅಳಿಸಿ, ಏನೂ ನಡೆದೇ ಇಲ್ಲವೆಂಬಂತೆ ಪ್ರೊಸೆಸರ್ ಸರಿಯಾದ ದಾರಿಗೆ ಮರಳುತ್ತದೆ.

ತೊಡಕು ಇರುವುದು ಆ ಅಳಿಸುವಿಕೆಯಲ್ಲೇ. ಒಂದು ಕಚೇರಿಯ ದಾಖಲೆ ಕೊಠಡಿಯಲ್ಲಿ ಬಲು ಚುರುಕಾದ ಗುಮಾಸ್ತನೊಬ್ಬನಿದ್ದಾನೆಂದು ಭಾವಿಸಿ. ಅರ್ಜಿದಾರರಿಗೆ ಒಂದು ಕಡತವನ್ನು ನೋಡುವ ಅಧಿಕಾರವಿದೆಯೇ ಎಂದು ಅಧಿಕಾರಿಯು ಪರಿಶೀಲಿಸುತ್ತಿರುವಾಗಲೇ ಅವನು ಕಡತವನ್ನು ಕಪಾಟಿನಿಂದ ತೆಗೆದು, ಅದರಲ್ಲಿ ಉಲ್ಲೇಖಗೊಂಡ ಮತ್ತೊಂದು ಕಡತವನ್ನೂ ಮೇಜಿನ ಮೇಲೆ ತಂದಿಟ್ಟಿರುತ್ತಾನೆ. ಅಧಿಕಾರವಿಲ್ಲವೆಂದು ಗೊತ್ತಾದಾಗ ಮೊದಲ ಕಡತ ಮರಳಿ ಕಪಾಟಿಗೆ ಹೋಗುತ್ತದೆ. ಎರಡನೆಯದು ಮೇಜಿನ ಮೇಲೆಯೇ ಉಳಿದುಬಿಡುತ್ತದೆ. ಅರ್ಜಿದಾರನಿಗೆ ಕಡತದ ಒಂದಕ್ಷರವನ್ನೂ ಯಾರೂ ತೋರಿಸಿಲ್ಲ. ಆದರೂ ಅವನು ಆಮೇಲೆ ಬಂದು ತನಗೆ ನೋಡುವ ಹಕ್ಕಿರುವ ಬೇರೆ ಕಡತಗಳನ್ನು ಒಂದೊಂದಾಗಿ ಕೇಳಿ, ಯಾವುದು ಕ್ಷಣದಲ್ಲಿ ಕೈಗೆ ಸಿಕ್ಕಿತು, ಯಾವುದು ತಡವಾಯಿತು ಎಂದು ಗಮನಿಸಿದರೆ, ಮುಚ್ಚಿಟ್ಟ ಕಡತದಲ್ಲಿ ಏನನ್ನು ಉಲ್ಲೇಖಿಸಲಾಗಿತ್ತೆಂದು ತಿಳಿದುಕೊಳ್ಳಬಲ್ಲ.

2018ರ ಜನವರಿ 3ರಂದು ಬಹಿರಂಗವಾದ ಮೆಲ್ಟ್‌ಡೌನ್ ಲೋಪ ಹೆಚ್ಚುಕಡಿಮೆ ಹೀಗೆಯೇ ಕೆಲಸ ಮಾಡುತ್ತಿತ್ತು. ಸಾಮಾನ್ಯ ಪ್ರೋಗ್ರಾಂ ಒಂದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಸೇರಿದ ಮೆಮೊರಿಯಿಂದ ಒಂದು ಬೈಟನ್ನು ಓದಲು ಯತ್ನಿಸುತ್ತದೆ. ಅನುಮತಿಯ ಪರಿಶೀಲನೆ ಮುಗಿಯುವ ಮೊದಲೇ ಪ್ರೊಸೆಸರ್ ಆ ಬೈಟಿನ ಬೆಲೆಯನ್ನು, ಅಂದರೆ ಅದರಲ್ಲಿರುವ ಸಂಖ್ಯೆಯನ್ನು, ಹಿಡಿದು, ಅದಕ್ಕೆ ತಕ್ಕ ಸ್ಥಾನದಲ್ಲಿರುವ ಇನ್ನೊಂದು ಮಾಹಿತಿಯನ್ನು ಕ್ಯಾಶ್‌ಗೆ ತಂದಿರುತ್ತದೆ. ಒಂದು ಬೈಟಿಗೆ 256 ಬೆಲೆಗಳಷ್ಟೇ ಸಾಧ್ಯ. ಆ 256 ಸ್ಥಾನಗಳನ್ನೂ ಓದಿ ಸಮಯ ಅಳೆದರೆ ಬೇಗ ಸಿಕ್ಕ ಸ್ಥಾನವೇ ಗುಟ್ಟನ್ನು ಹೇಳಿಬಿಡುತ್ತದೆ. ಇದನ್ನೇ ಸಾವಿರಾರು ಬಾರಿ ಮಾಡಿದರೆ ಗುಪ್ತಪದಗಳೂ ಕೀಲಿಗಳೂ ಅಕ್ಷರ ಅಕ್ಷರವಾಗಿ ಹೊರಬೀಳುತ್ತವೆ. ಅದೇ ದಿನ ಬೆಳಕಿಗೆ ಬಂದ ಸ್ಪೆಕ್ಟರ್ ಇನ್ನಷ್ಟು ವ್ಯಾಪಕವಾದದ್ದು: ಮುಂದಿನ ಕವಲು ಯಾವುದೆಂದು ಊಹಿಸುವ ಪ್ರೊಸೆಸರ್‌ನ ಅಂಗಕ್ಕೆ ದಾಳಿಕೋರನು ತಪ್ಪು ಪಾಠ ಕಲಿಸಿ, ಬೇರೆಯವರ ಪ್ರೋಗ್ರಾಂ ತನ್ನ ಗುಟ್ಟನ್ನು ತಾನೇ ಸೋರಿಸುವಂತೆ ಮಾಡುವುದು ಅದರ ಬಗೆ. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಮತ್ತು ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿದಂತೆ ಹಲವರು ಸ್ವತಂತ್ರವಾಗಿಯೇ ಇವುಗಳನ್ನು ಕಂಡುಹಿಡಿದಿದ್ದರು ಎಂಬುದು ಗಮನಾರ್ಹ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಎಲ್ಲರ ಕಣ್ಣೆದುರಿಗಿದ್ದ ಪದ್ಧತಿಯ ಹುಳುಕು ಒಮ್ಮೆಲೇ ಹಲವರಿಗೆ ಕಾಣಿಸಿತು.

ಮೆಲ್ಟ್‌ಡೌನ್ ತಡೆಯಲು ಆಪರೇಟಿಂಗ್ ಸಿಸ್ಟಮ್‌ಗಳು ಕರ್ನಲ್‌ನ ಮೆಮೊರಿ ನಕ್ಷೆಯನ್ನು ಸಾಮಾನ್ಯ ಪ್ರೋಗ್ರಾಂಗಳಿಂದ ಪೂರ್ತಿಯಾಗಿ ಬೇರ್ಪಡಿಸಬೇಕಾಯಿತು. ಪ್ರೋಗ್ರಾಂ ಕಡತವೊಂದನ್ನು ತೆರೆಯಲು ಅಥವಾ ನೆಟ್‌ವರ್ಕ್ ಬಳಸಲು ಕರ್ನಲ್‌ನ ನೆರವು ಕೇಳಿದಾಗಲೆಲ್ಲ ಈಗ ನಕ್ಷೆ ಬದಲಿಸುವ ಹೆಚ್ಚುವರಿ ಕೆಲಸ. ಆಟವಾಡುವವರಿಗೆ ಇದರಿಂದ ಆದ ನಷ್ಟ ಅಲ್ಪ. ಡೇಟಾಬೇಸ್‌ನಂತೆ ಪದೇ ಪದೇ ಕರ್ನಲ್‌ನ ಕದ ತಟ್ಟುವ ಕೆಲಸಗಳಿಗೆ ಗಣನೀಯ. ಬ್ರೌಸರ್‌ಗಳೂ ಬದಲಾದವು, ಏಕೆಂದರೆ ಸ್ಪೆಕ್ಟರ್ ದಾಳಿಯನ್ನು ಜಾಲಪುಟಗಳೊಳಗೆ ಓಡುವ ಜಾವಾಸ್ಕ್ರಿಪ್ಟ್‌ನಿಂದಲೂ ನಡೆಸಬಹುದೆಂದು ಸಂಶೋಧಕರು ತೋರಿಸಿದ್ದರು. ಜಾಲತಾಣಗಳಿಗೆ ಸಿಗುವ ಗಡಿಯಾರದ ನಿಖರತೆಯನ್ನು ಬ್ರೌಸರ್‌ಗಳು ಬೇಕೆಂದೇ ಮಸುಕುಗೊಳಿಸಿದವು. ಕ್ರೋಮ್ ಒಂದೊಂದು ತಾಣವನ್ನೂ ಪ್ರತ್ಯೇಕ ಪ್ರಕ್ರಿಯೆಯಲ್ಲಿ ಇರಿಸತೊಡಗಿತು. ಆ ಪ್ರತ್ಯೇಕತೆಗಾಗಿ ಹೆಚ್ಚು ಮೆಮೊರಿ ಖರ್ಚಾಗುತ್ತದೆ. ಪ್ರೊಸೆಸರ್‌ನ ವಿನ್ಯಾಸದೋಷದ ಬಾಕಿಯಲ್ಲಿ ಒಂದು ಕಂತನ್ನು ಬ್ರೌಸರ್ ತೀರಿಸುತ್ತಿದೆ ಎಂದರೂ ತಪ್ಪಾಗದು.

ಮೆಲ್ಟ್‌ಡೌನ್ ಮುಖ್ಯವಾಗಿ ತಟ್ಟಿದ್ದು ಇಂಟೆಲ್‌ಗೆ; ಎಎಂಡಿಯ ಚಿಪ್‌ಗಳು ಅದರಿಂದ ಪಾರಾಗಿದ್ದವು. 2018ರ ಫೋರ್‌ಶ್ಯಾಡೋ, 2019ರ ಝಾಂಬಿಲೋಡ್ ಲೋಪಗಳೂ ಇಂಟೆಲ್‌ನ ಪಾಲಿಗೇ ಬಂದಾಗ, ಭದ್ರತೆ ಬೇಕಿದ್ದರೆ ಎಎಂಡಿ ಕೊಳ್ಳಿ ಎಂಬ ಮಾತು ಚಾಲ್ತಿಗೆ ಬಂತು. ಆ ಮಾತು ಹೆಚ್ಚು ಕಾಲ ಬಾಳಲಿಲ್ಲ. 2023ರ ಜುಲೈನಲ್ಲಿ ಝೆನ್‌ಬ್ಲೀಡ್ ಎಂಬ ಲೋಪ ಎಎಂಡಿಯ ಝೆನ್ 2 ಚಿಪ್‌ಗಳಲ್ಲಿ ಕಂಡುಬಂತು. ಮರುತಿಂಗಳು ಎಎಂಡಿಯನ್ನು ಬಾಧಿಸುವ ಇನ್ಸೆಪ್ಷನ್, ಇಂಟೆಲ್‌ನ ಆರರಿಂದ ಹನ್ನೊಂದನೆಯ ಪೀಳಿಗೆಯವರೆಗಿನ ಚಿಪ್‌ಗಳನ್ನು ಬಾಧಿಸುವ ಡೌನ್‌ಫಾಲ್ ಎರಡೂ ಒಟ್ಟಿಗೆ ಹೊರಬಂದವು. ಡೌನ್‌ಫಾಲ್‌ನ ತಿದ್ದುಪಡಿಯಿಂದ ಕೆಲವು ಬಗೆಯ ಕೆಲಸಗಳು ಶೇಕಡಾ 50ರವರೆಗೂ ನಿಧಾನವಾಗಬಹುದು ಎಂದು ಹೊರಬಿದ್ದ ಅಂಕಿಯನ್ನು ಎಲ್ಲ ಕೆಲಸಗಳಿಗೂ ಅನ್ವಯಿಸುವುದು ಸರಿಯಲ್ಲ. ಮೆಮೊರಿಯಲ್ಲಿ ಚದುರಿದ ಮಾಹಿತಿಯನ್ನು ಒಟ್ಟಿಗೆ ಬಾಚುವ ಗ್ಯಾದರ್ ಎಂಬ ಆದೇಶವನ್ನು ತೀವ್ರವಾಗಿ ಬಳಸುವ ಲೆಕ್ಕಾಚಾರಗಳಿಗಷ್ಟೇ ಅಂಥ ಪೆಟ್ಟು.

ಆಪಲ್ 2020ರ ನವೆಂಬರ್‌ನಲ್ಲಿ ಎಂ1 ಚಿಪ್‌ನೊಂದಿಗೆ ಎಕ್ಸ್86ನ ದಾರಿಯನ್ನೇ ಬಿಟ್ಟು ಆರ್ಮ್ ಆದೇಶ-ಭಾಷೆಗೆ ಹೊರಳಿದಾಗ, ಕಡಿಮೆ ವಿದ್ಯುತ್ತಿನಲ್ಲಿ ಅದು ಕೊಟ್ಟ ವೇಗ ಇಡೀ ಉದ್ಯಮವನ್ನು ಬೆಚ್ಚಿಬೀಳಿಸಿತು. ಊಹೆಯ ರೋಗ ಮಾತ್ರ ಅಲ್ಲಿಗೂ ಹಿಂಬಾಲಿಸಿತು. 2024ರ ಗೋಫೆಚ್ ಸಂಶೋಧನೆಯ ಪ್ರಕಾರ, ಆಪಲ್ ಚಿಪ್‌ಗಳ ಒಂದು ಅಂಗವು ಮೆಮೊರಿಯಲ್ಲಿರುವ ಮಾಹಿತಿಯ ಬೆಲೆಯನ್ನೇ ನೋಡಿ, ಅದು ವಿಳಾಸದಂತೆ ಕಂಡರೆ ಆ ವಿಳಾಸದಲ್ಲಿರುವುದನ್ನು ತಾನಾಗಿಯೇ ಮುಂಚಿತವಾಗಿ ತಂದಿಡುತ್ತದೆ. ರಹಸ್ಯಲಿಪಿಯ ಪ್ರೋಗ್ರಾಂಗಳನ್ನು ಬರೆಯುವವರು, ಗುಪ್ತ ಕೀಲಿ ಏನೇ ಇದ್ದರೂ ಲೆಕ್ಕಕ್ಕೆ ಒಂದೇ ಸಮಯ ಹಿಡಿಯುವಂತೆ ವರ್ಷಗಟ್ಟಲೆ ಎಚ್ಚರ ವಹಿಸಿದ್ದರು. ಪ್ರೋಗ್ರಾಂ ಕೇಳದೇ ಇದ್ದದ್ದನ್ನೂ ಚಿಪ್ ತಂದಿಡುವುದಾದರೆ ಆ ಎಚ್ಚರವೆಲ್ಲ ವ್ಯರ್ಥ. ಸಿಲಿಕಾನ್‌ನಲ್ಲಿಯೇ ಇರುವ ಈ ಗುಣವನ್ನು ಈಗಾಗಲೇ ಮಾರಾಟವಾದ ಚಿಪ್‌ಗಳಿಂದ ತೆಗೆದುಹಾಕಲು ಬಾರದು. ಪ್ರೋಗ್ರಾಂಗಳೇ ಸುತ್ತುದಾರಿ ಹಿಡಿಯಬೇಕು.

ಒಂದು ಕೋರ್ ಎರಡು ಕೋರ್‌ಗಳಂತೆ ನಟಿಸುವ ಹೈಪರ್-ಥ್ರೆಡಿಂಗ್ ಕೂಡ ಇದೇ ಸಾಲಿಗೆ ಸೇರುತ್ತದೆ. ಎರಡು ಪ್ರೋಗ್ರಾಂಗಳು ಒಂದೇ ಕೋರಿನ ಒಳ ಅಂಗಗಳನ್ನು ಹಂಚಿಕೊಂಡರೆ ಒಂದರ ಸುಳಿವು ಇನ್ನೊಂದಕ್ಕೆ ಸಿಗುವ ಸಂಭವ ಹೆಚ್ಚು. ಭದ್ರತೆಗೆ ಹೆಸರಾದ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ 2018ರಲ್ಲೇ ಇಂಟೆಲ್ ಚಿಪ್‌ಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಿತು. 2024ರಲ್ಲಿ ಬಂದ ಇಂಟೆಲ್‌ನ ಲೂನಾರ್ ಲೇಕ್ ಮತ್ತು ಆ್ಯರೋ ಲೇಕ್ ಚಿಪ್‌ಗಳಲ್ಲಿ ಹೈಪರ್-ಥ್ರೆಡಿಂಗ್ ಇಲ್ಲ. ಇಂಟೆಲ್ ಅದಕ್ಕೆ ಮುಂದಿಟ್ಟ ಕಾರಣ ವಿದ್ಯುತ್ ಮತ್ತು ಜಾಗದ ಉಳಿತಾಯ, ಭದ್ರತೆಯಲ್ಲ.

ಊಹೆಯ ಲೋಪಗಳಿಗೆ ಸುದ್ದಿಯಲ್ಲಿ ಹೆಚ್ಚು ಜಾಗ ಸಿಗುತ್ತದೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಚಿಪ್‌ನೊಳಗೆ ಕುಳಿತಿರುವ ಎರಡನೆಯ ಕಂಪ್ಯೂಟರ್. ಇಂಟೆಲ್‌ನಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್, ಎಎಂಡಿಯಲ್ಲಿ ಪ್ಲಾಟ್‌ಫಾರ್ಮ್ ಸೆಕ್ಯುರಿಟಿ ಪ್ರೊಸೆಸರ್ ಎಂಬ ಹೆಸರಿನ ಈ ಪುಟ್ಟ ಪ್ರೊಸೆಸರ್‌ಗಳು ಯಂತ್ರವನ್ನು ಚಾಲೂ ಮಾಡುವ, ಕೀಲಿಗಳನ್ನು ಕಾಯುವ ಕೆಲಸಗಳನ್ನು ಮಾಡುತ್ತವೆ. ಆಪರೇಟಿಂಗ್ ಸಿಸ್ಟಮ್‌ಗೆ ಅವುಗಳ ಒಳಗೆ ಇಣುಕಲು ಅವಕಾಶವಿಲ್ಲ. ಇಂಟೆಲ್‌ನ ಎಂಜಿನ್ ಒಳಗೆ ಓಡುತ್ತಿರುವುದು ವಿದ್ಯಾರ್ಥಿಗಳಿಗೆ ಕಲಿಸಲೆಂದು ಹುಟ್ಟಿದ ಮಿನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ರೂಪ ಎಂದು 2017ರಲ್ಲಿ ತಿಳಿದುಬಂದಾಗ, ಅದರ ಕರ್ತೃ ಆ್ಯಂಡ್ರೂ ಟ್ಯಾನೆನ್‌ಬಾಮ್ ಇಂಟೆಲ್‌ಗೆ ಬಹಿರಂಗ ಪತ್ರ ಬರೆದು, ಮೊದಲೇ ಒಂದು ಮಾತು ತಿಳಿಸಿದ್ದರೆ ಸೌಜನ್ಯವಾಗಿರುತ್ತಿತ್ತು ಎಂಬ ಧಾಟಿಯಲ್ಲಿ ಹೇಳಿದರು. ಲಕ್ಷಾಂತರ ಮೇಜುಗಳ ಮೇಲೆ ಆ ಆಪರೇಟಿಂಗ್ ಸಿಸ್ಟಮ್ ಓಡುತ್ತಿದೆ ಎಂಬುದು ಅದನ್ನು ಬರೆದವರಿಗೇ ಗೊತ್ತಿರಲಿಲ್ಲ!

ಅದೇ ವರ್ಷದ ಮೇ ತಿಂಗಳಲ್ಲಿ, ದೂರದಿಂದ ಕಂಪ್ಯೂಟರ್ ನಿರ್ವಹಿಸಲು ಕಚೇರಿಗಳು ಬಳಸುವ ಇಂಟೆಲ್‌ನ ಎಎಂಟಿ ಸೌಲಭ್ಯದಲ್ಲಿ ಒಂದು ಲೋಪ ಹೊರಬಿದ್ದಿತ್ತು. ಗುಪ್ತಪದದ ಉತ್ತರವನ್ನು ಹೋಲಿಸುವಾಗ, ಬಂದ ಉತ್ತರ ಎಷ್ಟು ಉದ್ದವಿದೆಯೋ ಅಷ್ಟನ್ನೇ ಅದು ಹೋಲಿಸುತ್ತಿತ್ತು. ಖಾಲಿ ಉತ್ತರ ಕಳುಹಿಸಿದರೆ ಹೋಲಿಸಲು ಏನೂ ಇಲ್ಲ, ಹಾಗಾಗಿ ವ್ಯತ್ಯಾಸವೂ ಇಲ್ಲ, ಬಾಗಿಲು ತೆರೆಯುತ್ತಿತ್ತು. ಇದರ ಮುಂದೆ ಮೆಲ್ಟ್‌ಡೌನ್‌ನ ಜಾಣತನವೆಲ್ಲ ಅನಗತ್ಯವೆನಿಸುತ್ತದೆ. ಎಎಂಡಿಯ ಕಡೆಗೂ ಇಂಥದೇ ಉದಾಹರಣೆಯಿದೆ. ಪ್ರೊಸೆಸರ್‌ನ ಒಳ ನಡವಳಿಕೆಯನ್ನು ತಿದ್ದುವ ಮೈಕ್ರೋಕೋಡ್‌ಗೆ ಕಂಪನಿಯ ಸಹಿ ಇದ್ದರೆ ಮಾತ್ರ ಚಿಪ್ ಅದನ್ನು ಒಪ್ಪಬೇಕು. ಝೆನ್ 1ರಿಂದ ಝೆನ್ 4ರವರೆಗಿನ ಚಿಪ್‌ಗಳಲ್ಲಿ ಆ ಪರಿಶೀಲನೆಗೆ ಬಳಸಿದ್ದ ಕೀಲಿ, ಅಮೆರಿಕದ ಮಾನದಂಡ ಸಂಸ್ಥೆಯು ತನ್ನ ದಾಖಲೆಯಲ್ಲಿ ಉದಾಹರಣೆಗೆಂದು ಅಚ್ಚುಮಾಡಿದ್ದ ಕೀಲಿಯೇ ಆಗಿತ್ತೆಂದು ಗೂಗಲ್‌ನ ಸಂಶೋಧಕರು 2025ರಲ್ಲಿ ತೋರಿಸಿದರು. ಯಂತ್ರದ ಮೇಲೆ ಮೊದಲೇ ಪೂರ್ಣ ಹಿಡಿತವಿರುವವರಿಗೆ ಮಾತ್ರ ಇದರ ದುರುಪಯೋಗ ಸಾಧ್ಯವಾದರೂ, ತಮ್ಮದೇ ಮೈಕ್ರೋಕೋಡ್ ತುಂಬಲು ಅಂಥವರಿಗೆ ದಾರಿ ತೆರೆದಿತ್ತು.

ಲೋಪ ಪತ್ತೆಯಾಗುವುದಕ್ಕೂ ಅದರ ತಿದ್ದುಪಡಿ ಬಳಕೆದಾರರ ಯಂತ್ರವನ್ನು ತಲುಪುವುದಕ್ಕೂ ನಡುವೆ ದೊಡ್ಡ ಹಾದಿಯಿದೆ. ಚಿಪ್ ತಯಾರಕರು ಯಂತ್ರಾಂಶದೊಳಗೇ ಕೂರುವ ತಂತ್ರಾಂಶವಾದ ಫರ್ಮ್‌ವೇರ್‌ನ ತಿದ್ದುಪಡಿಯನ್ನು ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಕರಿಗೆ ಕೊಡುತ್ತಾರೆ, ಅವರು ಪ್ರತಿಯೊಂದು ಮಾದರಿಗೂ ಬಯೋಸ್‌ನ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶದ) ಹೊಸ ಆವೃತ್ತಿಯನ್ನು ಸಿದ್ಧಪಡಿಸಿ ಪ್ರಕಟಿಸುತ್ತಾರೆ, ಕೊನೆಗೆ ಬಳಕೆದಾರರು ಅದನ್ನು ಅಳವಡಿಸಬೇಕು. ಮಾದರಿ ಹಳೆಯದಾದಂತೆ ನಡುವಿನ ಕೊಂಡಿ ಸಡಿಲವಾಗುತ್ತದೆ. 2024ರ ಆಗಸ್ಟ್‌ನಲ್ಲಿ ಎಎಂಡಿ ಚಿಪ್‌ಗಳ ಸಿಂಕ್‌ಕ್ಲೋಸ್ ಎಂಬ ಲೋಪ ಬಹಿರಂಗವಾದಾಗ ರೈಝೆನ್ 3000 ಡೆಸ್ಕ್‌ಟಾಪ್ ಚಿಪ್‌ಗಳಿಗೆ ತಿದ್ದುಪಡಿ ಇಲ್ಲವೆಂದು ಎಎಂಡಿ ಮೊದಲು ತಿಳಿಸಿತ್ತು. ಟೀಕೆ ಬಂದ ಮೇಲೆ ಅವುಗಳನ್ನೂ ಪಟ್ಟಿಗೆ ಸೇರಿಸಿತು. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಗಿಗಾಹರ್ಟ್ಜ್ ಎಷ್ಟೆಂದು ಕೇಳುವವರು, ತಯಾರಕರು ಎಷ್ಟು ವರ್ಷ ಬಯೋಸ್ ತಿದ್ದುಪಡಿ ಕೊಡುತ್ತಾರೆಂದೂ ಕೇಳಬೇಕು. ಮಾರುವವರಿಗೆ ಬಹುಶಃ ಉತ್ತರ ಗೊತ್ತಿರುವುದಿಲ್ಲ, ಆದರೂ ಕೇಳಬೇಕು.

ಇಲ್ಲಿ ಅತಿಯಾದ ಭಯವೂ ಬೇಡ. ಸಾಮಾನ್ಯ ಬಳಕೆದಾರರ ಹಣ ಮತ್ತು ಮಾಹಿತಿ ಕದಿಯುವವರು ಕ್ಯಾಶ್‌ನ ಸಮಯ ಅಳೆಯುವ ತೊಂದರೆ ತೆಗೆದುಕೊಳ್ಳುವುದು ವಿರಳ. ಸುಳ್ಳು ಇಮೇಲ್ ಅವರಿಗೆ ಸಾಕಾಗುತ್ತದೆ. ಊಹೆಯ ಲೋಪಗಳು ನಿಜವಾಗಿ ಅಪಾಯ ತರುವುದು ಒಂದೇ ಚಿಪ್ಪನ್ನು ಪರಸ್ಪರ ಪರಿಚಯವಿಲ್ಲದ ಗಿರಾಕಿಗಳು ಹಂಚಿಕೊಳ್ಳುವ ಕ್ಲೌಡ್ ಸರ್ವರ್‌ಗಳಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಆಪರೇಟಿಂಗ್ ಸಿಸ್ಟಮ್, ಬ್ರೌಸರ್ ಮತ್ತು ಬಯೋಸ್ ಮೂರನ್ನೂ ಕಾಲಕಾಲಕ್ಕೆ ನವೀಕರಿಸಿಕೊಂಡರೆ ಮಾಡಬಹುದಾದದ್ದರಲ್ಲಿ ಬಹುಪಾಲು ಮುಗಿಯಿತು. ವೇಗ ಸಿಗಲೆಂದು ತಿದ್ದುಪಡಿಗಳನ್ನು ನಿಷ್ಕ್ರಿಯಗೊಳಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಇಂಟರ್ನೆಟ್ ಸಂಪರ್ಕವಿರುವ ಯಂತ್ರದಲ್ಲಿ ಅದನ್ನು ಪಾಲಿಸಬಾರದು.

ಪೈಪೋಟಿಯ ಬಿಸಿ ಭದ್ರತೆಯನ್ನಲ್ಲದೆ ಬಾಳಿಕೆಯನ್ನೂ ತಟ್ಟುತ್ತದೆ ಎಂಬುದು 2024ರಲ್ಲಿ ಕಂಡಿತು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಅಧಿಕ ವೋಲ್ಟೇಜ್ ಮತ್ತು ಉಷ್ಣದಿಂದಾಗಿ ಅಕಾಲದಲ್ಲಿ ಸವೆದು ಅಸ್ಥಿರವಾಗುತ್ತಿದ್ದವು. ಕಂಪನಿ ಮೈಕ್ರೋಕೋಡ್ ತಿದ್ದುಪಡಿಗಳನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ತಿದ್ದುಪಡಿಯಿಂದ ಮುಂದಿನ ಸವೆತ ತಪ್ಪುತ್ತದೆಯೇ ಹೊರತು ಆಗಲೇ ಸವೆದ ಚಿಪ್ ಮೊದಲಿನಂತಾಗದು.

ಕಣದಲ್ಲಿ ಈಗ ಇಬ್ಬರಿಗಿಂತ ಹೆಚ್ಚು ಜನರಿದ್ದಾರೆ. ಆಪಲ್ ಬೆನ್ನಿಗೆ ಕ್ವಾಲ್‌ಕಾಮ್ 2024ರ ಜೂನ್‌ನಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ಗಳ ಮೂಲಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮತ್ತೆ ಬಲವಾಗಿ ಪೈಪೋಟಿಗಿಳಿಯಿತು. ಹಾಗಾಗಿ ಒಂದು ಕಾಲದ ಕಡುವೈರಿಗಳಾದ ಇಂಟೆಲ್ ಮತ್ತು ಎಎಂಡಿ, 2024ರ ಅಕ್ಟೋಬರ್‌ನಲ್ಲಿ ಎಕ್ಸ್86ನ ಭವಿಷ್ಯಕ್ಕಾಗಿ ಜಂಟಿ ಸಲಹಾ ಗುಂಪೊಂದನ್ನು ಕಟ್ಟಿಕೊಂಡವು. ಆದರೆ ಅಂಗಡಿಯ ಮುಂದೆ ಕಾಣುವ ಈ ವೈವಿಧ್ಯದ ಹಿಂದೆ ಕಾರ್ಖಾನೆ ಒಂದೇ. ಆಪಲ್, ಎಎಂಡಿ, ಕ್ವಾಲ್‌ಕಾಮ್ ಮೂರರ ಮುಂಚೂಣಿಯ ಚಿಪ್‌ಗಳನ್ನೂ ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ಸ್ವಂತ ಕಾರ್ಖಾನೆಗಳಿರುವ ಇಂಟೆಲ್ ಕೂಡ ಲೂನಾರ್ ಲೇಕ್‌ನ ಕೋರ್‌ಗಳನ್ನು ಅಲ್ಲಿಯೇ ಮಾಡಿಸಿತು. ಅಂಥ ಚಿಪ್‌ಗಳನ್ನು ಅಚ್ಚೊತ್ತಲು ಬೇಕಾದ, ತೀವ್ರ ಅತಿನೇರಳೆ ಬೆಳಕನ್ನು ಬಳಸುವ ಇಯುವಿ ಯಂತ್ರಗಳನ್ನು ಮಾರುವುದು ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. 1981ರಲ್ಲಿ ಐಬಿಎಂ ಎರಡನೆಯ ತಯಾರಕರನ್ನು ಬಯಸಿದ ಕಾರಣ ಇಂದಿಗೂ ಹಾಗೆಯೇ ಇದೆ, ಚಿಪ್ ಕಂಪನಿಯಿಂದ ಕಾರ್ಖಾನೆಗೆ ಒಂದು ಮೆಟ್ಟಿಲು ಕೆಳಗಿಳಿದಿದೆ ಅಷ್ಟೆ.

ಭದ್ರತೆಯೇ ಪೈಪೋಟಿಯ ವಸ್ತುವಾಗುತ್ತಿರುವ ಒಂದು ಕ್ಷೇತ್ರವಾದರೂ ಉಂಟು. ಆರ್ಮ್‌ನ ಮೆಮೊರಿ ಟ್ಯಾಗಿಂಗ್ ಎಂಬ ಸೌಲಭ್ಯದಲ್ಲಿ ಮೆಮೊರಿಯ ಪ್ರತಿ 16 ಬೈಟಿಗೂ 4 ಬಿಟ್‌ನ ಒಂದು ಗುರುತು ಅಂಟಿರುತ್ತದೆ, ಆ ಜಾಗವನ್ನು ತೋರಿಸುವ ವಿಳಾಸದಲ್ಲಿಯೂ ಅದೇ ಗುರುತಿರಬೇಕು. ಹೊಂದಿಕೆಯಾಗದಿದ್ದರೆ ಚಿಪ್ ಕೆಲಸವನ್ನು ನಿಲ್ಲಿಸುತ್ತದೆ. ಪ್ರೋಗ್ರಾಂಗಳಲ್ಲಿನ ಮೆಮೊರಿ ತಪ್ಪುಗಳನ್ನು ಬಳಸಿ ಒಳನುಗ್ಗುವ ದಾಳಿಗಳಿಗೆ ಇದು ಗಟ್ಟಿಯಾದ ತಡೆ. ಇಂಟೆಲ್ ಮತ್ತು ಎಎಂಡಿ ಇದೇ ಬಗೆಯ ಚೆಕ್‌ಟ್ಯಾಗ್ ಎಂಬ ಸೌಲಭ್ಯವನ್ನು ಜಂಟಿಯಾಗಿ 2025ರಲ್ಲಿ ಘೋಷಿಸಿವೆ. ಆದರೆ ಅದಕ್ಕೂ ಹಿಂದಿನ ವರ್ಷವೇ ಟಿಕ್‌ಟ್ಯಾಗ್ ಎಂಬ ಸಂಶೋಧನೆ ಆರ್ಮ್ ಚಿಪ್‌ನಲ್ಲಿ ಆ ಗುರುತನ್ನು ಶೇಕಡಾ 95ಕ್ಕೂ ಹೆಚ್ಚು ಯಶಸ್ಸಿನೊಂದಿಗೆ ಕದ್ದು ತೋರಿಸಿತ್ತು. ಸಂಶೋಧಕರು ಬಳಸಿದ ದಾರಿ ಸ್ಪೆಕ್ಯುಲೇಟಿವ್ ಎಕ್ಸಿಕ್ಯೂಷನ್: ತಪ್ಪು ಗುರುತಿನೊಂದಿಗೆ ಹೋದಾಗ ಚಿಪ್ ತನ್ನ ಊಹೆಯ ಕೆಲಸವನ್ನು ನಡುವೆಯೇ ಕೈಬಿಡುತ್ತಿತ್ತು, ಸರಿಯಾದ ಗುರುತಾದರೆ ಮುಂದುವರಿಸುತ್ತಿತ್ತು, ಆ ವ್ಯತ್ಯಾಸ ಕ್ಯಾಶ್‌ನಲ್ಲಿ ಉಳಿದಿರುತ್ತಿತ್ತು.